ಮಗು ನೋಡಿಕೊಳ್ಳುವ ಮನೆ: ದರ ಏರಿಸುವ ಮಾತನ್ನು ಆಡುವುದು ಹೇಗೆ?



ಈ ತಿಂಗಳು ನಾವು ಎತ್ತಿಕೊಂಡಿರುವ ವಿಷಯ ಚಿಕ್ಕದೆಂದು ಕೆಲವರಿಗೆ ಅನಿಸಬಹುದು. ನಾರಾಯಣಪೇಟೆ, ಮಕ್ತಲ್, ಗದ್ವಾಲ ಈ ಮೂರೂ ಊರುಗಳಲ್ಲಿ ನಮ್ಮ ಮನೆಗಳ ಸೊಸೆಯಂದಿರು ಈಗ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾರೆ, ಲೆಕ್ಕ ಬರೆಯುತ್ತಾರೆ, ಗಿರಾಕಿಗೆ ಸೀರೆ ಬಿಚ್ಚಿ ತೋರಿಸುತ್ತಾರೆ. ಮನೆಯಲ್ಲಿ ಅಜ್ಜಿ ಇಲ್ಲದಿದ್ದರೆ, ಇದ್ದರೂ ಮೊಣಕಾಲು ನೋವಿದ್ದರೆ, ಎರಡು ವರ್ಷದ ಮಗು ಬೀದಿಯಾಚೆಯ ಯಾರೋ ಒಬ್ಬ ತಾಯಿಯ ಮನೆಗೆ ಹೋಗುತ್ತದೆ. ಆ ತಾಯಿ ಐದಾರು ಮಕ್ಕಳನ್ನು ಸಂಜೆಯವರೆಗೆ ನೋಡಿಕೊಂಡು ತಿಂಗಳಿಗಿಷ್ಟೆಂದು ತೆಗೆದುಕೊಳ್ಳುತ್ತಾರೆ. ಅದಕ್ಕೆ ಬೋರ್ಡು ಇಲ್ಲ, ರಸೀದಿ ಇಲ್ಲ. ಎಲ್ಲವೂ ಬಾಯಿಮಾತು. ದರ ಏರಿಸುವ ತಿಂಗಳು ಬಂದಾಗ ಈ ಬಾಯಿಮಾತೇ ಮುರಿದು ಬೀಳುತ್ತದೆ.

ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇವೆ. ನಮ್ಮ ಮೊಮ್ಮಗಳು ಇಂಥದೊಂದು ಮನೆಯಲ್ಲಿ ಒಂದೂವರೆ ವರ್ಷ ಬೆಳೆದಳು. ತಿಂಗಳಿಗೆ 2,000 ರೂಪಾಯಿ. ಒಂದು ಸಂಜೆ ಸೊಸೆ ಮಗುವನ್ನು ಕರೆತರಲು ಹೋದಾಗ ಆ ತಾಯಿ ಬಾಗಿಲಲ್ಲೇ ನಿಂತು, ನಾಳೆಯಿಂದ 3,000 ಎಂದರು. ಅಷ್ಟೇ ಮಾತು. ಸೊಸೆಗೆ ಮುಖ ಕೆಂಪಾಯಿತು. ಮರುದಿನದಿಂದ ಮಗುವನ್ನು ಕಳುಹಿಸಲಿಲ್ಲ. ನಾವೂ ಸೊಸೆಯದೇ ಸರಿ ಎಂದೆವು. ಮಗು ಮಾತ್ರ ಮೂರು ದಿನ ಬೆಳಿಗ್ಗೆ ಚಪ್ಪಲಿ ಕೈಯಲ್ಲಿ ಹಿಡಿದು ಬಾಗಿಲ ಬಳಿ ನಿಂತಿತು.

ಕೆಲವು ತಿಂಗಳ ಮೇಲೆ ನಮಗೆ ಸಂಗತಿ ತಿಳಿಯಿತು. ಅವರ ಜೊತೆ ಕೆಲಸ ಮಾಡುತ್ತಿದ್ದ ಹುಡುಗಿ ಬಿಟ್ಟು ಹೋಗಿದ್ದಳು. ಏಳು ಮಕ್ಕಳನ್ನು ಒಬ್ಬರೇ ನೋಡುತ್ತಿದ್ದರು. ಮತ್ತೊಬ್ಬರನ್ನು ಇಟ್ಟುಕೊಳ್ಳಲು ಹಣ ಸಾಲದೆ, ನಮ್ಮಲ್ಲಿ ಕೇಳಲು ಸಂಕೋಚಪಟ್ಟು, ಎರಡು ತಿಂಗಳು ಮಾತನ್ನು ನುಂಗಿಕೊಂಡಿದ್ದು ಆ ಸಂಜೆ ಒಮ್ಮೆಲೇ ಹೊರಬಿತ್ತಂತೆ. ಅದೇ ವರ್ಷ ನಾವು ಅಂಗಡಿಯಲ್ಲಿ ಸೀರೆಯ ದರ ಎಷ್ಟು ಸಲ ತಿದ್ದಿದೆವು ಎಂದು ಯಾರೂ ನಮ್ಮನ್ನು ಕೇಳಲಿಲ್ಲ.

ಇಂಥ ಮನೆಗಳ ಬದಲು ಬೇರೆ ದಾರಿ ಇಲ್ಲವೇ ಎಂದರೆ, ಇದೆ, ಆದರೆ ನಮ್ಮ ವೇಳೆಗೆ ಹೊಂದುವುದಿಲ್ಲ. ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದದ್ದು, ಒಳ್ಳೆಯದೇ. ಆದರೆ ಸಂಜೆ ಬಜಾರು ತುಂಬುವ ಹೊತ್ತಿಗೆ ಅದರ ಬಾಗಿಲು ತೆರೆದಿರುವುದಿಲ್ಲ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದಿತು. ನಾಲ್ಕು ಜನರ ಜವಳಿ ಅಂಗಡಿಗೂ ಚಿನ್ನಬೆಳ್ಳಿ ಅಂಗಡಿಗೂ ಅದು ತಾಗುವುದಿಲ್ಲ. ಗಡಿಯಾಚೆ ಕರ್ನಾಟಕದಲ್ಲಿ 2023ರಲ್ಲಿ ಘೋಷಿಸಿದ ‘ಕೂಸಿನ ಮನೆ’ ಗ್ರಾಮ ಪಂಚಾಯತಿಗಳಲ್ಲಿ ಉದ್ಯೋಗ ಖಾತರಿಯ ಕೂಲಿ ತಾಯಂದಿರಿಗಾಗಿ ಮಾಡಿದ್ದು. ಹೀಗಾಗಿ ನಮಗೆ ಉಳಿಯುವುದು ಬೀದಿಯಾಚೆಯ ಆ ತಾಯಿಯೇ.

ಈಗ ಆ ತಾಯಂದಿರಿಗೆ ಒಂದು ಮಾತು. ಗ್ಯಾಸು ತುಟ್ಟಿ, ಹಾಲು ತುಟ್ಟಿ ಎಂದು ಹೇಳಿ ದರ ಏರಿಸಬೇಡಿ. 2023ರ ಮಾರ್ಚ್‌ನಲ್ಲಿ ಮನೆಬಳಕೆಯ ಸಿಲಿಂಡರಿಗೆ 50 ರೂಪಾಯಿ ಏರಿತು. ಅದೇ ಆಗಸ್ಟ್ ಕೊನೆಗೆ 200, 2024ರ ಮಾರ್ಚ್‌ನಲ್ಲಿ 100 ಇಳಿಯಿತು. 2025ರ ಏಪ್ರಿಲ್‌ನಲ್ಲಿ ಮತ್ತೆ 50 ಏರಿತು. ಏರಿದಾಗ ಕೇಳಿದವರು ಇಳಿದಾಗ ಬಿಟ್ಟಿರಾ ಎಂದು ವ್ಯಾಪಾರಿ ಕೇಳಿಯೇ ಕೇಳುತ್ತಾನೆ, ಅವನ ಹುಟ್ಟುಗುಣ ಅದು! ನಿಜವಾದ ಕಾರಣ ಹೇಳಿ. ಇನ್ನೊಬ್ಬ ಸಹಾಯಕಿಯನ್ನು ಇಟ್ಟುಕೊಳ್ಳುತ್ತಿದ್ದೇವೆ, ಅವಳಿಗೆ ಇಷ್ಟು ಕೊಡಬೇಕು, ಅದನ್ನು ಇಷ್ಟು ಮಕ್ಕಳ ಮೇಲೆ ಹಂಚಿದರೆ ಇಷ್ಟು ಬೀಳುತ್ತದೆ. ಈ ಲೆಕ್ಕ ನಮ್ಮವರಿಗೆ ಒಂದೇ ನಿಮಿಷದಲ್ಲಿ ಅರ್ಥವಾಗುತ್ತದೆ. ಕೇಂದ್ರದ ಶಿಶುಪಾಲನಾ ಯೋಜನೆಯ 2017ರ ನಿಯಮದಲ್ಲೂ 25 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ ಎಂದಿತ್ತು, ದಿನಕ್ಕೆ ಏಳೂವರೆ ಗಂಟೆ ಮಾತ್ರ. ನಮ್ಮ ಅಂಗಡಿಯ ದಿನ ಅದಕ್ಕಿಂತ ಎಷ್ಟು ಉದ್ದವೆಂಬುದನ್ನು ನಾವೇ ನೆನೆಯಬೇಕು.

ಮಾತು ಬಾಗಿಲಲ್ಲಿ ಬೇಡ, ಮಗುವಿನ ಮುಂದೆ ಬೇಡ. ಕನಿಷ್ಠ ಒಂದು ತಿಂಗಳು ಮೊದಲು ಚೀಟಿ ಬರೆದು ಕೊಡಿ. ಇಷ್ಟಿದ್ದರೆ ಸಾಕು: “ಜೂನ್ 1ರಿಂದ ತಿಂಗಳಿಗೆ 2,000ದ ಬದಲು 2,600 ರೂಪಾಯಿ. ಸಹಾಯಕಿ ಬರುತ್ತಿದ್ದಾಳೆ. ಸಂಜೆ 6ರ ನಂತರ ಉಳಿಯುವ ಮಗುವಿಗೆ ಗಂಟೆಗೆ 30 ರೂಪಾಯಿ ಬೇರೆ. ಜ್ವರವಿದ್ದ ದಿನ ದಯವಿಟ್ಟು ಕಳುಹಿಸಬೇಡಿ. ಮಾತಾಡುವುದಿದ್ದರೆ ಭಾನುವಾರ ಬನ್ನಿ.” ಮೊತ್ತ ನಿಮ್ಮ ನಿಮ್ಮ ಊರಿನಂತೆ ಇರಲಿ.

ಚೀಟಿ ಯಾವ ಭಾಷೆಯಲ್ಲಿ? ಇದನ್ನು ತಮಾಷೆಯೆಂದು ತಿಳಿಯಬೇಡಿ. ಗದ್ವಾಲ ತಾಲ್ಲೂಕು 1956ರವರೆಗೆ ಹೈದರಾಬಾದು ರಾಜ್ಯದ ರಾಯಚೂರು ಜಿಲ್ಲೆಯಲ್ಲಿತ್ತು. ಕೃಷ್ಣೆಯ ಈ ಕಡೆಯ ಮಕ್ತಲಿನಲ್ಲೂ ನಾರಾಯಣಪೇಟೆಯಲ್ಲೂ ಹಳಬರು ಕನ್ನಡ ಓದುತ್ತಾರೆ, ಕಿರಿಯರು ಶಾಲೆಯಲ್ಲಿ ತೆಲುಗು ಕಲಿತವರು, ಸೋಲಾಪುರದ ಕಡೆಯಿಂದ ಬಂದ ಸೊಸೆಗೆ ಮರಾಠಿ ಹಗುರ. ತೆಲುಗಿನ ಚೀಟಿ ಯಜಮಾನರ ಕೈಯಲ್ಲಿ ಮಡಿಸಿಯೇ ಉಳಿದು, ತಿಂಗಳ ಕೊನೆಗೆ “ನಮಗೆ ಯಾರೂ ಹೇಳಲೇ ಇಲ್ಲ” ಎಂಬ ಜಗಳವಾದದ್ದನ್ನು ನಾವು ಕಂಡಿದ್ದೇವೆ. ಬರೆದುಕೊಟ್ಟು, ಮೇಲೆ ವಾಟ್ಸಾಪಿನಲ್ಲಿ ಬಾಯಿಮಾತಾಗಿಯೂ ಕಳುಹಿಸಿದರೆ ಅಜ್ಜಿಯೂ ಕೇಳುತ್ತಾರೆ.

ವೇಳೆಯೂ ಮುಖ್ಯ. ದೀಪಾವಳಿಗೆ, ಮದುವೆಯ ತಿಂಗಳುಗಳಿಗೆ ಹದಿನೈದು ದಿನ ಮುಂಚೆ ದರ ಏರಿಸುವುದು ಗಿರಾಕಿಯ ಕತ್ತು ಹಿಡಿದಂತೆ. ಮಗುವನ್ನು ಬೇರೆಡೆ ಬಿಡಲು ಆಗ ಯಾರಿಗೂ ಆಗದು. ಜೂನ್ ಒಳ್ಳೆಯದು. ಆದರೆ ಸೀಜನ್ನಿನಲ್ಲಿ ರಾತ್ರಿ ಒಂಬತ್ತರವರೆಗೆ ಮಗು ಉಳಿಯುವುದಂತೂ ಖಂಡಿತ, ಅದರ ದರ ಜೂನ್‌ನಲ್ಲೇ ಗೊತ್ತಾಗಿರಲಿ.

ನಮ್ಮ ಮನೆಗಳದೇ ಒಂದು ವಿಷಯವಿದೆ. ಸೂರ್ಯಾಸ್ತದ ಮೊದಲು ಮಗುವಿಗೆ ಊಟ ಆಗಿರಬೇಕು, ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಬೇಡ, ಪಾತ್ರೆ ಬೇರೆ ಇರಲಿ ಎನ್ನುತ್ತೇವೆ. ಆ ತಾಯಿ ನಮ್ಮವರಲ್ಲದಿದ್ದರೆ ಇದು ಅವರಿಗೆ ಎರಡನೇ ಅಡುಗೆ. ಮೊದಲೇ ಹೇಳದೆ, ಪರ್ಯೂಷಣದಲ್ಲಿ ಒಂದೊಂದಾಗಿ ಸೇರಿಸುತ್ತ ಹೋಗುವುದು ಸರಿಯಲ್ಲ. ಡಬ್ಬಿ ನಾವೇ ಕಟ್ಟಿಕೊಡಬೇಕು, ಇಲ್ಲವೇ ಅದಕ್ಕೂ ಹಣ ಕೊಡಬೇಕು. ಆ ತಾಯಿ ನಮ್ಮವರೇ ಆಗಿದ್ದರೆ “ನಮ್ಮವರಲ್ಲವೇ, ಸ್ವಲ್ಪ ಕಡಿಮೆ ಮಾಡಿ” ಎನ್ನುವುದು ಇನ್ನೂ ಕೆಟ್ಟ ಚಾಳಿ. ನಮ್ಮವರೆಂದು ಗಿರಾಕಿಗೆ ನಾವು ಎಷ್ಟು ಬಿಡುತ್ತೇವೋ ನಮಗೇ ಗೊತ್ತು.

ಚೀಟಿ ಕೈಗೆ ಬಂದ ದಿನವೇ ಉತ್ತರ ಕೊಡಿ. ಒಪ್ಪಿಗೆ ಇಲ್ಲದಿದ್ದರೆ ತಿಂಗಳು ಮುಗಿಯುವವರೆಗೆ ಮಗುವನ್ನು ಕಳುಹಿಸಿ, ಬಾಕಿ ತೀರಿಸಿ, ಮಗುವಿಗೂ ಆ ಮನೆಗೂ ಬೀಳ್ಕೊಡುಗೆಯ ಒಂದು ದಿನ ಸಿಗುವಂತೆ ಮಾಡಿ. ನಾವು ಅದನ್ನು ಮಾಡಲಿಲ್ಲ. ಆ ತಾಯಿಯ ಒಂದು ತಿಂಗಳ ಬಾಕಿಯನ್ನು ಆರು ತಿಂಗಳ ಮೇಲೆ ಕೊಡಲು ಹೋದಾಗ ಅವರು ಮೊದಲು ಕೇಳಿದ್ದು ಮಗು ಈಗ ಹಾಲು ಕುಡಿಯುತ್ತದೆಯೇ ಎಂದು.

ಮುಂಗಡ ಹಣ ಎಷ್ಟು ಕೊಡಬೇಕು, ಮಗು ಊರಿಗೆ ಹೋದ ತಿಂಗಳಿಗೆ ಅರ್ಧ ಕೊಡಬೇಕೇ ಎಂಬುದನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ. ನಿಮ್ಮ ಊರಿನ ರೂಢಿಯನ್ನು ನಮಗೆ ತಿಳಿಸಿ.