ಫೋಟೋ ಶೋಕಿ ಅಲ್ಲ, ದಿನಾ ಮಾಡೋ ಕೆಲಸ



ಮೊನ್ನೆ ನಮ್ಮ ವಾಟ್ಸಾಪ್ ಗುಂಪಲ್ಲಿ ಒಬ್ಬ ಹುಡುಗ ಕೇಳಿದ: "ಅಣ್ಣಾ, ಫೋಟೋ ಚೆನ್ನಾಗಿ ಬರಬೇಕು ಅಂದ್ರೆ ಯಾವ ಫೋನ್ ತಗೋಬೇಕು?" ತಕ್ಷಣ ಹಿರಿಯರೊಬ್ಬರು ಬರೆದರು: "ಹೋರಾಟಗಾರನಿಗೆ ಫೋಟೋ ಶೋಕಿ ಯಾಕಪ್ಪಾ?" ಹುಡುಗ ಸುಮ್ಮನಾದ. ನಾನು ಸುಮ್ಮನಿರೋದಿಲ್ಲ.

ಶೋಕಿ ಅನ್ನೋರಿಗೆ ನನ್ನದೇ ಸೋಲಿನ ಕತೆ ಹೇಳ್ತೀನಿ. ಕೆಲವು ವರ್ಷದ ಹಿಂದೆ ದೊಡ್ಡಬಳ್ಳಾಪುರ ಕಡೆಯ ಒಂದು ಊರಲ್ಲಿ ನಮ್ಮ ಕೇರಿಯ ಸ್ಮಶಾನದ ದಾರಿಗೆ ಮುಳ್ಳುಬೇಲಿ ಹಾಕಿದ್ದರು. ಸಿಟ್ಟಲ್ಲಿ ಓಡಿಹೋಗಿ ಇಪ್ಪತ್ತು ಫೋಟೋ ತೆಗೆದೆ. ಎಲ್ಲವೂ ಹತ್ತಿರದಿಂದ. ಮುಳ್ಳು, ತಂತಿ, ಮತ್ತೆ ಮುಳ್ಳು. ಕಚೇರಿಯಲ್ಲಿ ಆ ಅಧಿಕಾರಿ ಫೋನನ್ನ ಆ ಕಡೆ ಈ ಕಡೆ ತಿರುಗಿಸಿ, "ಇದು ಯಾವೂರ ಬೇಲಿ ಅಂತ ಹೆಂಗ್ ಹೇಳ್ತೀಯಾ? ಇಂಥ ಬೇಲಿ ತಾಲೂಕಲ್ಲೆಲ್ಲಾ ಇದೆ" ಅಂದುಬಿಟ್ಟರು. ಅವರ ಮನಸ್ಸು ಹೆಂಗಿತ್ತೋ ಇರಲಿ, ಮಾತು ಮಾತ್ರ ನಿಜ. ನನ್ನ ಫೋಟೋದಲ್ಲಿ ಸಿಟ್ಟಿತ್ತು, ಜಾಗ ಇರಲಿಲ್ಲ.

ಮರುದಿನ ಮತ್ತೆ ಹೋದೆ. ದೂರದಿಂದ ಒಂದು: ಊರಿನ ನೀರಿನ ಟ್ಯಾಂಕು, ಶಾಲೆ ಗೋಡೆ, ದಾರಿ, ಬೇಲಿ ಎಲ್ಲಾ ಒಂದೇ ಚೌಕಟ್ಟಲ್ಲಿ. ನಡುವಿನಿಂದ ಒಂದು: ಬೇಲಿ ಮುಂದೆ ನಿಂತ ನಮ್ಮ ಜನ, ಹಿಂದೆ ಕಾಣೋ ಸಮಾಧಿಗಳು. ಹತ್ತಿರದಿಂದ ಒಂದು: ಗೂಟ ನೆಟ್ಟ ಹೊಸ ಮಣ್ಣು. ಈ ಮೂರು ಫೋಟೋ ನೋಡಿ ಸ್ಥಳ ಪರಿಶೀಲನೆಗೆ ಬರೆದುಕೊಂಡರು. ದಾರಿ ಬಿಡಿಸೋಕೆ ಇನ್ನೂ ಎಂಟು ತಿಂಗಳು ಬಡಿದಾಡಬೇಕಾಯ್ತು, ಅದು ಬೇರೆ ಮಾತು. ಆದರೆ ಬಾಗಿಲು ತೆರೆದಿದ್ದು ಕಾಂಪೋಸಿಷನ್. ಏನನ್ನ ಒಳಗೆ ಇಡಬೇಕು, ಏನನ್ನ ಹೊರಗೆ ಬಿಡಬೇಕು, ಎಲ್ಲಿ ನಿಲ್ಲಬೇಕು ಅನ್ನೋ ತೀರ್ಮಾನ ಅದು. ಅಷ್ಟೇ ಅದರ ಅರ್ಥ.

ಒಳಗೆ ಯಾರು, ಹೊರಗೆ ಯಾರು ಅನ್ನೋ ಪ್ರಶ್ನೆ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಬೆಳಗ್ಗೆ ಹೊಸಕೋಟೆ ಕೆರೆ ಹತ್ತಿರ ಹೋಗಿ ನೋಡಿ. ಬೆಂಗಳೂರಿಂದ ಬಂದವರು ಮೊಳದುದ್ದದ ಲೆನ್ಸ್ ಹಿಡಿದು, ಒಂದು ಹಕ್ಕಿ ಕತ್ತು ತಿರುಗಿಸಲಿ ಅಂತ ಗಂಟೆಗಟ್ಟಲೆ ಕಾಯ್ತಾರೆ. ಅವರ ತಾಳ್ಮೆಗೆ ನಮಸ್ಕಾರ. ಆದರೆ ಅವರಲ್ಲೇ ಕೆಲವರು ವಾಪಸ್ ಹೋಗುವಾಗ, ಕೇರಿ ಬಾಗಿಲಲ್ಲಿ ಕೂತ ಅಜ್ಜಿಯ ಫೋಟೋನ ಕೇಳದೇ ಕೇಳಿಸದೇ ಎರಡು ಸೆಕೆಂಡಲ್ಲಿ ತೆಗೀತಾರೆ. ನಿಂತುಕೊಂಡು, ಮೇಲಿಂದ ಕೆಳಕ್ಕೆ. ಕೆಳಗೆ ಒಂದು ಸಾಲು: "ಮುಗ್ಧ ನಗು". ಸ್ವಾಮಿ, ಹಕ್ಕಿಗೆ ಕೊಟ್ಟ ಸಮಯದಲ್ಲಿ ಅರ್ಧ ನಮ್ಮಜ್ಜಿಗೆ ಕೊಡಿ. ಪಕ್ಕದಲ್ಲಿ ಕೂತು ಹೆಸರು ಕೇಳಿ. ಅವಳ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಿ. ಆಗ ಅವಳು ಪಾಪದ ಮುದುಕಿಯಾಗಿ ಕಾಣಲ್ಲ, ಮನುಷ್ಯಳಾಗಿ ಕಾಣ್ತಾಳೆ.

ಅವರನ್ನ ಬೈದಿದ್ದಾಯ್ತು. ಈಗ ನಮ್ಮ ಕಡೆ ತಿರುಗೋಣ.

ಏಪ್ರಿಲ್ 14ರ ನಿಮ್ಮ ಫೋಟೋಗಳನ್ನ ಒಮ್ಮೆ ತೆಗೆದು ನೋಡಿ. ಹಾರ, ಫ್ಲೆಕ್ಸು, ಮೈಕು, ಮನವಿ ಪತ್ರ ಕೊಡೋ ಕೈ, ಸಾಲಾಗಿ ನಿಂತ ಬಿಳಿ ಅಂಗಿ. ಬೆಳಗಿನ ಜಾವ ಎದ್ದು ಅಡುಗೆ ಮಾಡಿದ ಅಕ್ಕಂದಿರು ಎಲ್ಲಿ? ಪೆಂಡಾಲ್ ಕಸ ಗುಡಿಸಿದ ಪೌರಕಾರ್ಮಿಕ ಎಲ್ಲಿ? ಅಂಚಲ್ಲಿ ಅರ್ಧ ಮುಖ. ಅದೂ ಪೋಸ್ಟ್ ಮಾಡುವಾಗ ಕ್ರಾಪ್. ಊರು ನಮ್ಮನ್ನ ಅಂಚಿಗೆ ತಳ್ಳಿತು ಅಂತ ಭಾಷಣ ಮಾಡೋ ನಾವೇ ನಮ್ಮ ಹೆಂಗಸರನ್ನ ಅಂಚಿಗೆ ತಳ್ತಿದೀವಿ.

ದೇವನಹಳ್ಳಿ ನೆನಪಿಸಿಕೊಳ್ಳಿ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1777 ಎಕರೆ ಭೂಸ್ವಾಧೀನದ ವಿರುದ್ಧ 2022ರ ಏಪ್ರಿಲ್‌ನಲ್ಲಿ ಧರಣಿ ಶುರುವಾಯ್ತು. ಸರ್ಕಾರ ಕೈಬಿಡ್ತೀವಿ ಅಂದಿದ್ದು 2025ರ ಜುಲೈ 15ಕ್ಕೆ. ಸಾವಿರಕ್ಕೂ ಹೆಚ್ಚು ದಿನ. ನನ್ನ ಫೋನಲ್ಲಿ ಉಳಿದಿರೋದು ನಾಯಕರು ಬಂದ ದಿನಗಳ ಫೋಟೋ, ಪೊಲೀಸರು ಎಳೆದಾಡಿದ ದಿನದ ಫೋಟೋ. ಯಾರೂ ಬಾರದ ದಿನ ಟೆಂಟಲ್ಲಿ ಕೂತಿದ್ದವರ ಫೋಟೋ ಇಲ್ಲ. ಹೋರಾಟ ಗೆದ್ದಿದ್ದು ಆ ಯಾರೂ ಬಾರದ ದಿನಗಳಿಂದಲೇ. ದಿನಾ ಒಂದೇ ಜಾಗದಲ್ಲಿ ನಿಂತು ಒಂದೊಂದು ಫೋಟೋ ತೆಗೆದಿದ್ದರೆ ಇವತ್ತು ನಮ್ಮ ಕೈಲಿ ಒಂದು ಚರಿತ್ರೆ ಇರ್ತಿತ್ತು. ಈ ತಪ್ಪು ನನ್ನದೂ ಹೌದು.

ಹೀಗೆ ಮಾಡಿದವರು ಇದ್ದಾರೆ. 1942ರಲ್ಲಿ ವಾಷಿಂಗ್ಟನ್‌ನಲ್ಲಿ ಗಾರ್ಡನ್ ಪಾರ್ಕ್ಸ್ ಅನ್ನೋ ಕಪ್ಪು ಫೋಟೋಗ್ರಾಫರ್, ಸರ್ಕಾರಿ ಕಟ್ಟಡ ಗುಡಿಸುತ್ತಿದ್ದ ಎಲ್ಲಾ ವಾಟ್ಸನ್ ಅವರನ್ನ ಅಮೆರಿಕದ ಬಾವುಟದ ಮುಂದೆ ನಿಲ್ಲಿಸಿದರು, ಒಂದು ಪಕ್ಕ ಪೊರಕೆ, ಇನ್ನೊಂದು ಪಕ್ಕ ನೆಲ ಒರೆಸೋ ಮಾಪು. ಬೇರೆ ಮಾತೇ ಬೇಡ ಅನ್ನೋ ಹಂಗಿದೆ ಆ ಚಿತ್ರ. ಆದರೆ ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ವಾರಗಟ್ಟಲೆ ಆಕೆಯ ಮನೆಗೆ, ಚರ್ಚಿಗೆ, ಕೆಲಸಕ್ಕೆ ಹಿಂದೆಯೇ ಹೋದರು. ಮುಂಬಯಿಯ ಸಫಾಯಿ ಕಾರ್ಮಿಕರ ಜೊತೆ ಸುಧಾರಕ್ ಓಲ್ವೆ ಮಾಡಿದ್ದೂ ಅದೇ. ಮೀನು ಮಾರುವ ತಾಯಿಯ ಮಗ, ತಮಿಳುನಾಡಿನ ಎಂ. ಪಳನಿ ಕುಮಾರ್ ಮಾಡ್ತಿರೋದೂ ಅದೇ. ಒಂದು ದಿನದ ಅನುಕಂಪ ಅಲ್ಲ, ದಿನಾ ಹೋಗೋ ಹಟ.

ಹಂಗಾಗಿ ಆ ಹುಡುಗನಿಗೆ ನನ್ನ ಉತ್ತರ: ಹೊಸ ಫೋನ್ ಬೇಡ. ಸಾಲ ಮಾಡಬೇಡ. ಇರೋ ಫೋನಿನ ಕ್ಯಾಮೆರಾದಲ್ಲಿ ಅಡ್ಡ ಉದ್ದ ಗೆರೆಗಳನ್ನ ಆನ್ ಮಾಡು. ಮೊದಲ ವಾರ ದಿನಾ ಒಂದೇ ಜಾಗ ತೆಗಿ, ನಿಮ್ಮ ಕೇರಿಯ ಬಾಬಾಸಾಹೇಬರ ಪ್ರತಿಮೆಯೇ ಆಗಲಿ. ಬೆಳಗ್ಗೆ ಒಂದು, ಸಂಜೆ ಒಂದು. ಬೆಳಕು ಎಲ್ಲಿಂದ ಬೀಳುತ್ತೆ ಅಂತ ಗೊತ್ತಾಗುತ್ತೆ. ಎರಡನೇ ವಾರ, ಒಪ್ಪಿಗೆ ಕೇಳಿ, ಕೆಲಸ ಮಾಡ್ತಿರೋ ಒಬ್ಬರನ್ನ ಮೂರು ದೂರದಿಂದ ತೆಗಿ. ಜೂಮ್ ಮಾಡಬೇಡ, ಕಾಲಲ್ಲಿ ನಡಿ. ಮೂರನೇ ವಾರ, ಒತ್ತೋ ಮುಂಚೆ ಚೌಕಟ್ಟಿನ ನಾಲ್ಕೂ ಅಂಚು ಕಣ್ಣಾಡಿಸು. ತಲೆ ಮೇಲೆ ಕರೆಂಟ್ ಕಂಬ ಎದ್ದಿದೆಯಾ? ಯಾರದೋ ಕೈ ಕತ್ತರಿಸಿ ಹೋಗಿದೆಯಾ? ಒಂದು ಹೆಜ್ಜೆ ಪಕ್ಕಕ್ಕೆ ಸರಿ. ನಾಲ್ಕನೇ ವಾರ ಸಭೆಗೋ ಧರಣಿಗೋ ಹೋಗು, ವೇದಿಕೆಗೆ ಬೆನ್ನು ಹಾಕಿ ಜನರನ್ನ ತೆಗಿ. ಭಾನುವಾರ ನಾಲ್ಕು ಜನ ಕೂತು ನೋಡಿ, ಯಾವುದು ಯಾಕೆ ಕೆಟ್ಟಿದೆ ಅಂತ ಜಗಳ ಆಡಿ.

ಮೂಲ ಫೋಟೋ ಅಳಿಸಬೇಡ. ವಾಟ್ಸಾಪಲ್ಲಿ ಫೋಟೋ ಅಂತ ಕಳಿಸಿದರೆ ಅದು ಕುಗ್ಗುತ್ತೆ, ತೆಗೆದ ದಿನ, ಸಮಯದ ವಿವರವೂ ಹೋಗುತ್ತೆ. ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳ, ಮಕ್ಕಳ ಮುಖ ಯಾವತ್ತೂ ಹಾಕಬೇಡ. ಲೈಂಗಿಕ ದೌರ್ಜನ್ಯದಲ್ಲಿ ಗುರುತು ಬಯಲು ಮಾಡೋದು ಅಪರಾಧ, ಅದಕ್ಕಿಂತ ಮೊದಲು ಅದು ಅವರ ಘನತೆಯ ಪ್ರಶ್ನೆ.

ಶೋಕಿ ಅಂದ ಹಿರಿಯರಿಗೆ ಒಂದೇ ಮಾತು. ಅಟ್ರಾಸಿಟಿ ಕಾಯ್ದೆಗೆ ಸೇರಿಸಿದ, 2016ರ ಜನವರಿ 26ರಿಂದ ಜಾರಿಗೆ ಬಂದ 15ಎ ಕಲಂ, ಆ ಕಾಯ್ದೆಯಡಿಯ ನಡಾವಳಿಗಳೆಲ್ಲ ವಿಡಿಯೋದಲ್ಲಿ ದಾಖಲಾಗಬೇಕು ಅನ್ನುತ್ತೆ. ಕಾನೂನಿಗೇ ಕ್ಯಾಮೆರಾ ಬೇಕಾಗಿದೆ ಅಣ್ಣಾ, ನಮಗೆ ಬೇಡವಾ? ನಮ್ಮ ಅಕ್ಷರವನ್ನ ಶೋಕಿ ಅಂದವರೂ ಒಂದು ಕಾಲದಲ್ಲಿ ಇದ್ದರು.

ತಮ್ಮಾ, ನಾಳೆ ಬೆಳಗ್ಗೆ ಮೊದಲನೇ ಫೋಟೋ ಗುಂಪಿಗೆ ಹಾಕು. ಕೆಟ್ಟದಾಗಿದ್ದರೂ ಹಾಕು. ನಾಡಿದ್ದು ಇನ್ನೊಂದು.

ಜೈ ಭೀಮ್.