ಡಿಕ್ಕಿ ತೆಗೆದು ನೋಡಿ, ಏನೈತೆ?

ಕಬ್ಬಿನ ದುಡ್ಡು ಕೈಗೆ ಬಂದ ವರ್ಷ ನಮ್ಮ ಕಡೆ ಕಾರು ತಗೊಳ್ಳೋರು ಜಾಸ್ತಿ. ಹೊಸದೋ ಸೆಕೆಂಡ್ ಹ್ಯಾಂಡೋ, ಮೊದಲು ಸೀಟ್ ಕವರ್ರು, ಆಮೇಲೆ ಸೌಂಡ್ ಬಾಕ್ಸು, ಹಿಂದಿನ ಗಾಜಿಗೆ ಮನೆದೇವರ ಹೆಸರು. ಡಿಕ್ಕಿ ತೆಗೆದರೆ ಸ್ಟೆಪ್ನಿ ಮೇಲೆ ಹಿಂಡಿ ಮೂಟೆ. ಕಾರಿನ ಜೊತೆ ಕಂಪನಿಯವರು ಕೊಟ್ಟ ಕೆಂಪು ತ್ರಿಕೋನ ಪ್ಲಾಸ್ಟಿಕ್ ಕವರನ್ನೂ ಬಿಚ್ಚದೆ ಮೂಲೇಲಿ ಬಿದ್ದಿರುತ್ತೆ.

ಕಾರಲ್ಲಿ ಏನೇನು ಇಟ್ಕೊಬೇಕು ಅನ್ನೋ ಪಟ್ಟಿ ಮೊಬೈಲಲ್ಲಿ ದಿನಾ ಬರ್ತವೆ. ತಪ್ಪೇನಿಲ್ಲ, ಆದರೆ ಅವೆಲ್ಲ ಪೇಟೆಯೋರಿಗೆ ಬರೆದದ್ದು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ರಸ್ತೇಲಿ ಬರೋ ಆಪತ್ತೇ ಬೇರೆ. ನನ್ನ ಲೆಕ್ಕದಲ್ಲಿ ಅದು ಮೂರು: ನಾಲೆ, ಒಕ್ಕಣೆ ಹುಲ್ಲು, ಕಬ್ಬಿನ ಗಾಡಿ.

ನಾಲೆ ವಿಷಯ ಮೊದಲು. 2018ರ ನವೆಂಬರ್ 24ರಂದು ಕನಗನಮರಡಿ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಹೋದರು, ಅದರಲ್ಲಿ ಸ್ಕೂಲು ಮಕ್ಕಳೂ ಇದ್ದರು. 2023ರ ಜುಲೈನಲ್ಲಿ ಗಾಮನಹಳ್ಳಿ ಹತ್ತಿರ ಕಾರು ಬಿದ್ದು ನಾಲ್ಕು ಹೆಣ್ಮಕ್ಕಳು. ಅದೇ ವರ್ಷ ನವೆಂಬರಲ್ಲಿ ಬನಘಟ್ಟದ ಹತ್ತಿರ ಇನ್ನೊಂದು ಕಾರು, ಐದು ಜನ. ತಡೆಗೋಡೆ ಕಟ್ಟೋದು ಸರ್ಕಾರದ ಕೆಲಸ, ಕೇಳ್ತಾನೇ ಇರಬೇಕು, ಬಿಡಬಾರದು. ಆದರೆ ಗೋಡೆ ಎದ್ದ ಮೇಲೆ ನಾಲೆ ಏರಿ ಮೇಲೆ ಹೋಗ್ತೀನಿ ಅಂತ ಯಾರೂ ಕಾಯೋಕಾಗಲ್ಲವಲ್ಲ.

ನೀರಿಗೆ ಬಿದ್ದ ಕಾರು ತಕ್ಷಣ ಮುಳುಗಲ್ಲ, ಸ್ವಲ್ಪ ಹೊತ್ತು ತೇಲುತ್ತೆ. ಆ ಅರ್ಧ ನಿಮಿಷ, ಒಂದು ನಿಮಿಷವೇ ನಿಮ್ಮ ಕೈಲಿರೋದು. ಡೋರ್ ತಳ್ಳೋಕೆ ಹೋಗಬೇಡಿ. ಹೊರಗಿನ ನೀರು ಒತ್ತಿ ಹಿಡಿದಿರುತ್ತೆ, ಎಂಥಾ ಪೈಲ್ವಾನನಿಗೂ ಬರಲ್ಲ. ತೆಗೆದುಕೊಂಡರೂ ನೀರು ಒಂದೇ ಸಲ ಒಳಗೆ ನುಗ್ಗುತ್ತೆ. ಫೋನ್ ಮಾಡ್ತಾ ಕೂರೋ ಹೊತ್ತೂ ಅಲ್ಲ ಅದು. ಬೆಲ್ಟ್ ಬಿಚ್ಚಿ, ಪಕ್ಕದ ಗಾಜು ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ತಳ್ಳಿ ನೀವು ಹೊರಡಿ. ಪವರ್ ವಿಂಡೋ ಇಳಿಯದಿದ್ದರೆ ಒಡೀಬೇಕು. ಅದಕ್ಕೇ ಒಂದು ಸಣ್ಣ ಸುತ್ತಿಗೆ ಬರುತ್ತೆ, ಒಂದು ಕಡೆ ಚೂಪು ಮೊನೆ, ಇನ್ನೊಂದು ಕಡೆ ಬೆಲ್ಟ್ ಕತ್ತರಿಸೋ ಬ್ಲೇಡು. ಸೀಟ್ ಕವರ್ ದುಡ್ಡಿನ ಮುಂದೆ ಅದರ ಬೆಲೆ ಏನೇನೂ ಅಲ್ಲ. ಪಕ್ಕದ ಗಾಜಿನ ಮೂಲೆಗೆ ಹೊಡೀಬೇಕು. ಮುಂದಿನ ದೊಡ್ಡ ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುತ್ತೆ, ಅದು ಬಿರುಕು ಬಿಡುತ್ತೆ ಹೊರತು ದಾರಿ ಬಿಡಲ್ಲ. ಸುತ್ತಿಗೆ ಡಿಕ್ಕೀಲಿ ಇದ್ದರೆ ಇಲ್ಲದಂಗೇ ಲೆಕ್ಕ, ಡ್ರೈವರ್ ಕೈಗೆ ಸಿಗೋ ಕಡೆ ಕಟ್ಟಿ. ಮನೆ ಹೆಂಗಸರಿಗೂ ಮಕ್ಕಳಿಗೂ ಒಂದು ಸಲ ಬಾಯಲ್ಲಿ ಹೇಳಿಕೊಡಿ.

ಇನ್ನು ನಾಗಮಂಗಲ, ಕೆ.ಆರ್.ಪೇಟೆ ಕಡೆಯೋರು ಬೈಕೊಂಡ್ರೂ ಪರವಾಗಿಲ್ಲ, ಹೇಳ್ತೀನಿ. ಕಣ ಮಾಡೋದು ಬಿಟ್ಟು ರಾಗಿ, ಹುರುಳಿ ತಂದು ಟಾರು ರಸ್ತೆಗೆ ಹಾಕ್ತೀವಿ. ಲಾರಿಗೆ ಅದು ಒಂದು ಲೆಕ್ಕವಲ್ಲ. ತಗ್ಗಿರೋ ಕಾರಿಗೆ ಹುರುಳಿ ಬಳ್ಳಿ ಆಕ್ಸೆಲ್‌ಗೆ ಸುತ್ಕೊಂಡು ಸೈಲೆನ್ಸರ್ ಕಾವಿಗೆ ಹೊತ್ಕೊಳ್ಳುತ್ತೆ. ಹಂಗೆ ಕಾರು ಉರಿದದ್ದು ಪೇಪರಲ್ಲಿ ಓದೀವಲ್ಲ? ಸುಗ್ಗೀಲಿ ಒಂದು ಕುಡುಗೋಲು, ಎರಡು ಕ್ಯಾನು ನೀರು ಗಾಡೀಲಿರಲಿ. ಆದರೆ ಸುಟ್ಟ ವಾಸನೆ ಬಂದರೆ ಹುಲ್ಲಿನ ಮೇಲೇ ನಿಲ್ಲಿಸಬೇಡಿ, ಅದು ದಾಟಿ ನಿಲ್ಲಿಸಿ, ಎಲ್ಲರನ್ನೂ ಇಳಿಸಿ, ಆಮೇಲೆ ಅಡೀಲಿ ನೋಡಿ. ಬೆಂಕಿ ಕಂಡರೆ ಬಾನೆಟ್ ಎತ್ತೋ ಧೈರ್ಯ ಬ್ಯಾಡ.

ಪಂಕ್ಚರ್ ಬಗ್ಗೆ ಎರಡೇ ಮಾತು. ಅಂಗಡಿಯೋರು ಮಿಷನ್ನಲ್ಲಿ ಬಿಗಿದ ನಟ್ಟು ಕಾರಿನ ಗಿಡ್ಡ ಸ್ಪ್ಯಾನರಿಗೆ ಜಗ್ಗಲ್ಲ. ಬೋರ್‌ವೆಲ್ಲಿನ ಹಳೇ ಜಿಐ ಪೈಪಿನ ಎರಡಡಿ ತುಂಡು ಅದರ ಹಿಡಿಗೆ ತೂರಿಸಿದರೆ ಮಕ್ಕಳೂ ಬಿಚ್ತಾರೆ. ಮಳೆಗಾಲದಲ್ಲಿ ಜಾಕ್ ಮಣ್ಣಲ್ಲಿ ಹೂತ್ಕೊಳ್ಳುತ್ತೆ, ಕೆಳಗೆ ಇಡೋಕೆ ಒಂದು ಹಲಗೆ ಬೇಕು. ಚಕ್ರಕ್ಕೆ ಕೊಟ್ಟ ಕಲ್ಲನ್ನ ಹೋಗುವಾಗ ಎತ್ತಿ ಬಿಸಾಕಿ ಪುಣ್ಯಾತ್ಮರೇ, ಹಿಂದೆ ಬೈಕಿನವನು ಬರ್ತಿರ್ತಾನೆ.

ಎಕ್ಸ್‌ಪ್ರೆಸ್ ಹೈವೇಲಿ ಕೆಟ್ಟರೆ ಕಥೆ ಇನ್ನೊಂದು. 2023ರ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಟ್ರ್ಯಾಕ್ಟರ್ ಬರಂಗಿಲ್ಲ, ಅಂದ್ರೆ ಊರ ಹುಡುಗರು ಟ್ರ್ಯಾಕ್ಟರ್ ತಂದು ಎಳ್ಕೊಂಡು ಹೋಗೋಕಾಗಲ್ಲ. ಕಾರೊಳಗೆ ಕೂರದೆ ತಡೆಬೇಲಿ ಆಚೆ ನಿಂತು 1033ಕ್ಕೆ ಫೋನ್ ಮಾಡಿ. ಉಳಿದ ಕಡೆ 112, ಗಾಯ ಆಗಿದ್ದರೆ 108. ಊರಿನ ಹೆಸರಷ್ಟೇ ಹೇಳಬೇಡಿ, ಹೊಸಹಳ್ಳಿ ಅಂದ್ರೆ ಯಾವ ಹೊಸಹಳ್ಳಿ? ತಾಲ್ಲೂಕು, ಹೋಬಳಿ ಸೇರಿಸಿ. ಬೇರೆಯವರಿಗೆ ಏಟಾಗಿದ್ದರೂ ಕೇಸು ಮೈಮೇಲೆ ಬರುತ್ತೆ ಅಂತ ಹಿಂಜರೀಬೇಡಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 134ಎ ಕಲಂ ಸೇರಿಸಿದ್ದಾರೆ, ನೆರವಾದವರ ಮೇಲೆ ಕೇಸು ಹಾಕೋ ಹಂಗಿಲ್ಲ.

ಕೊನೇದು ಕಬ್ಬಿನ ಗಾಡಿ. ಇಲ್ಲಿ ಕಾರಿನೋನಿಗಿಂತ ನಮ್ಮದೇ ಹೊಣೆ ಜಾಸ್ತಿ. ಪಿಎಸ್‌ಎಸ್‌ಕೆಗೋ ಮಾಕವಳ್ಳಿಗೋ ಹೋಗೋ ಟ್ರೇಲರಿನ ಹಿಂದೆ ಲೈಟ್ ಇದ್ದರೂ ಜೋಲೋ ಕಬ್ಬು ಅದನ್ನ ಮುಚ್ಚಿರುತ್ತೆ. ಆಕ್ಸೆಲ್ ಮುರಿದರೆ ರಾತ್ರಿ ರಸ್ತೇಲೇ ಬಿಟ್ಟು, ಹಿಂದೆ ಒಂದು ಹೊಂಗೆ ಕೊಂಬೆ ಎಸೆದು ಮನೆಗೆ ಹೋಗ್ತೀವಿ. ಕತ್ತಲಲ್ಲಿ ಕೊಂಬೆ ಯಾವನಿಗೆ ಕಾಣುತ್ತೆ? ಟ್ರೇಲರಿನ ಹಿಂದಿನ ಪಟ್ಟಿಗೆ ಕೆಂಪು ರಿಫ್ಲೆಕ್ಟರ್ ಟೇಪು, ಜೋಲೋ ಕಬ್ಬಿನ ತುದಿಗೆ ಕಟ್ಟೋಕೆ ಒಂದು ಕೆಂಪು ಮಿಣುಕು ದೀಪ, ಕೆಟ್ಟು ನಿಂತರೆ ಐವತ್ತು ಮೀಟರ್ ಹಿಂದೆ ಆ ತ್ರಿಕೋನ, ತಿರುವಿದ್ದರೆ ತಿರುವಿಗೂ ಹಿಂದೆ. ಟೇಪಿನ ಉರುಳೆ ಒಂದು ತಂದರೆ ಊರಿನ ನಾಲ್ಕು ಗಾಡಿಗಾದರೂ ಆಗುತ್ತೆ. ಈ ಸಲ ಕಟಾವು ಶುರುವಾಗೋಕೆ ಮುಂಚೆ ನಮ್ಮೂರ ಡೈರಿ ಮುಂದೆ ಒಂದು ಭಾನುವಾರ ಕೂತು ಎಲ್ಲ ಟ್ರೇಲರಿಗೂ ಅಂಟಿಸೋಣ ಅಂತಿದೀವಿ. ಅಕ್ಕಪಕ್ಕದ ಊರಿನೋರು ಗಾಡಿ ತಂದರೆ ತರಲಿ, ಟ್ರೇಲರ್ ಮಾತ್ರ ತೊಳೆದು ತನ್ನಿ, ಧೂಳಿನ ಮೇಲೆ ಅಂಟಲ್ಲ.