ರೈಲ್ವೆ ನೌಕರಿ ಸಿಕ್ತಲ್ಲ, ಮತ್ತೇನ್ ಬೇಕು?

ಬಹಳ ದಿನ ಆಯ್ತು ಇಲ್ಲಿ ಏನೂ ಬರೆದಿರಲಿಲ್ಲ. ಸೋಮಾರಿತನ, ಬೇರೆ ಕಾರಣ ಇಲ್ಲ. ಆದರೆ ಮೊನ್ನೆ ಭಾನುವಾರ ನಮ್ಮ ಸ್ಟೇಷನ್ ರಸ್ತೆಯ ಚಹಾದಂಗಡಿ ಮುಂದೆ ಆದ ಒಂದು ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಅಲ್ಲೇ ಬೈಯೋಣ ಅಂದರೆ ಆಡಿದವರು ನನಗಿಂತ ಹಿರಿಯರು. ಹಾಗಾಗಿ ಇಲ್ಲಿ ಬೈಯುತ್ತಿದ್ದೇನೆ, ಸಹಿಸಿಕೊಳ್ಳಿ :)

ನನ್ನ ಅಣ್ಣನ ಮಗಳು ಆರನೇ ಕ್ಲಾಸಿನಿಂದ ಬ್ಯಾಸ್ಕೆಟ್‌ಬಾಲ್ ಆಡುತ್ತಾಳೆ. ಈಗ ಸೆಕೆಂಡ್ ಪಿಯುಸಿ, ಎತ್ತರ ಐದಡಿ ಹತ್ತಿಂಚು. ಮನೆಯಲ್ಲಿ ಮೇಲಿನ ಸಾಲಿನ ಡಬ್ಬಿ ಇಳಿಸಬೇಕಾದರೆ ವೈನಿ ಕೂಗುವುದು ಇವಳನ್ನೇ. ಅವತ್ತು ಬೆಳಗಿನ ಪ್ರಾಕ್ಟೀಸ್ ಮುಗಿಸಿ, ಬೆವರು ಇಳಿಸುತ್ತಾ, ಬಾಲ್ ಕಂಕುಳಲ್ಲಿಟ್ಟುಕೊಂಡು ಬಂದಳು. ಅಣ್ಣ, ನಾನು, ಅಣ್ಣನ ಸ್ನೇಹಿತರೊಬ್ಬರು ಚಹಾ ಕುಡಿಯುತ್ತಿದ್ದೆವು. ಅವರು ಕೇಳಿದರು: "ಏನವಾ, ಬಾಲ್ ಬಡದು ಬಡದು ಮುಂದೇನ್ ಮಾಡಾಕಿ?"

ಅವಳು ಬಾಯಿ ತೆರೆಯುವುದರೊಳಗೆ ಅಣ್ಣನೇ ಹೇಳಿದ: "ಇನ್ನ ಎರಡ್ ಮೂರ್ ವರ್ಷ ಆಡ್ಲಿ ಅಂತ ಬಿಟ್ಟೇನ್ರಿ. ಸ್ಪೋರ್ಟ್ಸ್ ಕೋಟಾದಾಗ ರೈಲ್ವೆ ನೌಕರಿ ಸಿಕ್ರ ಆಟ ಬಂದ್. ಆಮ್ಯಾಲ ಲಗ್ನ."

"ಹಂಗಿದ್ರ ಛಲೋ ಆತ್ ನೋಡ್ರಿ. ರೈಲ್ವೆ ನೌಕರಿ ಸಿಕ್ತಂದ್ರ ಮತ್ತೇನ್ ಬೇಕು?"

ಇಬ್ಬರೂ ನಕ್ಕರು. ಹುಡುಗಿ ನಗಲಿಲ್ಲ. ಸಂಜೆ ನನ್ನ ಹತ್ತಿರ ಬಂದು ಕೇಳಿದ್ದು ಒಂದೇ ಮಾತು. "ಕಾಕಾ, ನಾ ನೌಕರಿ ಸಿಗಲಿ ಅಂತ ಆಡಾಕತ್ತೀನೇನು?"

ಮೊದಲೇ ಹೇಳಿಬಿಡುತ್ತೇನೆ, ನಾನು ರೈಲ್ವೆ ನೌಕರಿಯ ವಿರೋಧಿಯಲ್ಲ. ನಮ್ಮ ದೇಶದಲ್ಲಿ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ಉಸಿರಾಡುತ್ತಿರುವುದೇ ರೈಲ್ವೆಯಿಂದ. ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನಲ್ಲಿ ಹೆಚ್ಚಿನ ವರ್ಷ ಮಹಿಳೆಯರ ಕಪ್ಪು ಹೋಗಿರುವುದು ರೈಲ್ವೆ ತಂಡಕ್ಕೆ. ಹದಿನೆಂಟು ವರ್ಷ ಭಾರತಕ್ಕೆ ಆಡಿ, 2021ರಲ್ಲಿ ಪದ್ಮಶ್ರೀ ಪಡೆದ ಚೆನ್ನೈನ ಅನಿತಾ ಪಾಲ್‌ದುರೈ ದಕ್ಷಿಣ ರೈಲ್ವೆಯವರು. ಆ ಸಂಬಳ ಇರದಿದ್ದರೆ ಇಂಥವರಲ್ಲಿ ಎಷ್ಟೋ ಜನ ಇಪ್ಪತ್ತೊಂದಕ್ಕೇ ಶೂ ಬಿಚ್ಚಿಡುತ್ತಿದ್ದರು. ನನ್ನ ಜಗಳ "ಮತ್ತೇನ್ ಬೇಕು" ಅನ್ನುವ ಆ ಮೂರನೇ ಮಾತಿನ ಮೇಲೆ. ನೌಕರಿ ಆಟಕ್ಕೆ ಆಸರೆ ಆಗಬೇಕಿತ್ತು. ನಾವು ಅದನ್ನು ಆಟದ ಕೊನೆಯ ಸ್ಟೇಷನ್ ಮಾಡಿಟ್ಟಿದ್ದೇವೆ.

ಗೀತು ಅನ್ನಾ ಜೋಸ್ ಹೆಸರು ಕೇಳಿದ್ದೀರಾ? ಪ್ರಾಮಾಣಿಕವಾಗಿ ಹೇಳಿ. ನಾನಂತೂ ಈ ಹುಡುಗಿ ಆಡಲು ಶುರುಮಾಡುವವರೆಗೆ ಕೇಳಿರಲಿಲ್ಲ. ಕೇರಳದ ಕೋಟ್ಟಯಂ ಕಡೆಯವರು, 1985ರಲ್ಲಿ ಹುಟ್ಟಿದವರು, ಎತ್ತರ ಆರಡಿ ಎರಡಿಂಚು. ಇವರೂ ದಕ್ಷಿಣ ರೈಲ್ವೆಯವರೇ. 2006ರಿಂದ 2008ರವರೆಗೆ ಆಸ್ಟ್ರೇಲಿಯಾದ ರಿಂಗ್‌ವುಡ್ ಹಾಕ್ಸ್ ಕ್ಲಬ್ಬಿಗೆ, ವಿಕ್ಟೋರಿಯಾ ರಾಜ್ಯದ ಬಿಗ್ ವಿ ಲೀಗಿನಲ್ಲಿ ಆಡಿದರು. ಭಾರತದ ಹೆಣ್ಣುಮಗಳೊಬ್ಬಳು ಬ್ಯಾಸ್ಕೆಟ್‌ಬಾಲ್ ಆಡುವುದಕ್ಕಾಗಿಯೇ ಆಸ್ಟ್ರೇಲಿಯಾದ ಕ್ಲಬ್ಬಿಗೆ ಸೇರಿದ್ದು ಅದೇ ಮೊದಲು. 2011ರಲ್ಲಿ ಅಮೆರಿಕದ ಡಬ್ಲ್ಯೂಎನ್‌ಬಿಎಯಿಂದ ಕರೆ ಬಂತು. ಒಂದಲ್ಲ, ಮೂರು ತಂಡ ಅವರ ಆಟ ನೋಡಿದವು: ಚಿಕಾಗೊ ಸ್ಕೈ, ಲಾಸ್ ಏಂಜಲೀಸ್ ಸ್ಪಾರ್ಕ್ಸ್, ಸ್ಯಾನ್ ಆಂಟೊನಿಯೊ ಸಿಲ್ವರ್ ಸ್ಟಾರ್ಸ್. ಕರಾರು ಆಗಲಿಲ್ಲ. ವಾಪಸು ಬಂದರು. 2014ರಲ್ಲಿ ಅರ್ಜುನ ಪ್ರಶಸ್ತಿ ಬಂತು.

ಯಾಕೆ ಆಗಲಿಲ್ಲ ಅಂತ ಕೇಳಿದರೆ "ಅಮೆರಿಕದವರ ಮುಂದೆ ನಮ್ಮೋರು ಎಲ್ಲಿ ನಡೀತಾರ್ರಿ" ಅಂತ ಥಟ್ ಅಂತ ಉತ್ತರ ಬರುತ್ತೆ. ನನ್ನ ಲೆಕ್ಕ ಬೇರೆ. ಇಲ್ಲಿ ಆರಡಿ ಎರಡಿಂಚು ಅಂದರೆ ರಿಂಗಿನ ಕೆಳಗೆ ನಿಂತರೆ ಸಾಕು, ಚೆಂಡು ತಾನಾಗೇ ಕೈಗೆ ಬರುತ್ತೆ. ಅಲ್ಲಿ ಆ ಎತ್ತರದವರು ಹೊರಗಡೆಯಿಂದ ಓಡಿ ಬಂದು ಶೂಟ್ ಮಾಡಬೇಕು, ತಮಗಿಂತ ಚುರುಕಾದವರನ್ನು ತಡೆಯಬೇಕು. ಅದು ತನಗೆ ಸಮನಾದವರ ಜೊತೆ ವಾರವಾರ ಆಡುತ್ತಾ ಬರುವ ವಿದ್ಯೆ. ನಮ್ಮಲ್ಲಿ ಒಬ್ಬ ಆಟಗಾರ್ತಿಯ ವರ್ಷ ಹೇಗಿರುತ್ತೆ? ರೈಲ್ವೆಗಳ ನಡುವಿನ ಟೂರ್ನಿ, ರಾಷ್ಟ್ರೀಯ ಚಾಂಪಿಯನ್‌ಷಿಪ್, ಫೆಡರೇಷನ್ ಕಪ್, ಅಲ್ಲೊಂದು ಇಲ್ಲೊಂದು ಆಹ್ವಾನಿತ ಪಂದ್ಯಾವಳಿ, ಅದೃಷ್ಟವಿದ್ದರೆ ಭಾರತ ತಂಡದ ಕ್ಯಾಂಪು. ಉಳಿದ ದಿನ ಪ್ರಾಕ್ಟೀಸು, ಆಫೀಸು. ಡಬ್ಲ್ಯೂಎನ್‌ಬಿಎಯಲ್ಲಿ 2025ರ ಸೀಸನ್ನಿನಲ್ಲಿ ಒಂದೊಂದು ತಂಡಕ್ಕೆ 44 ಪಂದ್ಯ, ಅದೂ ಪ್ಲೇಆಫ್ ಬಿಟ್ಟು. ಗೀತು ಮೂರು ಸೀಸನ್ ಆಸ್ಟ್ರೇಲಿಯಾದಲ್ಲಿ ಆಡಿದ್ದಕ್ಕೇ ಅಮೆರಿಕದ ಬಾಗಿಲವರೆಗೆ ಹೋದರು ಅಂತ ನನ್ನ ನಂಬಿಕೆ. ಊರಲ್ಲೇ ಹತ್ತು ಸೀಸನ್ ಸಿಕ್ಕಿದ್ದರೆ?

ಈಗ ನನ್ನದೇ ತಪ್ಪೊಪ್ಪಿಗೆ. 2017ರ ಜುಲೈ 23, ಭಾನುವಾರ. ಲಾರ್ಡ್ಸ್‌ನಲ್ಲಿ ಮಹಿಳಾ ವಿಶ್ವಕಪ್ ಕ್ರಿಕೆಟ್ ಫೈನಲ್. ನಮ್ಮೂರಲ್ಲಿ ಅವತ್ತು ಟಿವಿ ಮುಂದಿನಿಂದ ಎದ್ದವರಿಲ್ಲ, ಯಾಕಂದರೆ ತಂಡದಲ್ಲಿ ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ ಇದ್ದರು. ಎಂಟು ದಿನ ಮೊದಲು ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ ಬರೀ 15 ರನ್ನಿಗೆ 5 ವಿಕೆಟ್ ಕಿತ್ತಿದ್ದರು. ಫೈನಲ್ಲಿನಲ್ಲಿ 9 ರನ್ನಿನಿಂದ ಸೋತೆವು, ಕೊನೆಗೆ ಬಿದ್ದ ವಿಕೆಟ್ಟೂ ಅವರದೇ. ನಾನೂ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ಅದೇ ದಿನ, ಅದೇ ಜುಲೈ 23ರಂದು, ಬೆಂಗಳೂರಿನಲ್ಲಿ ಮಹಿಳೆಯರ ಏಷ್ಯಾ ಕಪ್ ಬ್ಯಾಸ್ಕೆಟ್‌ಬಾಲ್ ಶುರುವಾಗಿತ್ತು. ಲಂಡನ್ನಿನಲ್ಲಿ ಅಲ್ಲ ಸ್ವಾಮಿ, ನಮ್ಮ ಬೆಂಗಳೂರಿನಲ್ಲಿ! ಆರು ದಿನ ಬಿಟ್ಟು, 29ಕ್ಕೆ, ಬಿ ಡಿವಿಜನ್ ಫೈನಲ್ಲಿನಲ್ಲಿ ಭಾರತ ಕಜಕಸ್ತಾನವನ್ನು 75-73ರಿಂದ ಸೋಲಿಸಿ ಏಷ್ಯಾದ ಮೇಲಿನ ದರ್ಜೆಗೆ ಏರಿತು. ಎರಡೇ ಎರಡು ಪಾಯಿಂಟು, ಅಂದರೆ ಒಂದೇ ಒಂದು ಬಾಸ್ಕೆಟ್ಟು. ಇದು ನನಗೆ ಗೊತ್ತಾಗಿದ್ದು ವರ್ಷಗಳ ನಂತರ, ಅಣ್ಣನ ಮಗಳಿಂದ. ಕಳೆದುಹೋದ ಫೈನಲ್ಲಿಗೆ ಊಟ ಬಿಟ್ಟವನಿಗೆ ಗೆದ್ದ ಫೈನಲ್ಲಿನ ಸುದ್ದಿಯೇ ಇರಲಿಲ್ಲ. ನಿಮ್ಮಲ್ಲಿ ಎಷ್ಟು ಜನಕ್ಕೆ ಇತ್ತು?

ರಾಜೇಶ್ವರಿಯವರ ಮಾತು ಬಂದಿದ್ದಕ್ಕೆ ಇನ್ನೊಂದು ನೆನಪು. ಆ ವಿಶ್ವಕಪ್ ಆದಮೇಲೆ ಅವರಿಗೆ ಕಾರು ಕೊಡುತ್ತೇವೆ ಅಂದಾಗ, ಕಾರು ಬೇಡ, ಕುಟುಂಬಕ್ಕೊಂದು ಮನೆ ಬೇಕು ಅಂದಿದ್ದರು. ವಿಶ್ವಕಪ್ ಫೈನಲ್ ಆಡಿ ಬಂದವರ ಮನೆಯ ಪರಿಸ್ಥಿತಿ ಅದು. ದೇಶೀ ಕ್ರಿಕೆಟ್ಟಿನಲ್ಲಿ ಅವರೂ ರೈಲ್ವೆ ತಂಡಕ್ಕೆ ಆಡಿದವರೇ. ಆದರೆ 2023ರಲ್ಲಿ ಡಬ್ಲ್ಯೂಪಿಎಲ್ ಅನ್ನುವ ಲೀಗ್ ಬಂತು. ಯುಪಿ ವಾರಿಯರ್ಸ್ ತಂಡ ಅವರನ್ನು 40 ಲಕ್ಷಕ್ಕೆ ತಗೊಂಡಿತು, ಸ್ಮೃತಿ ಮಂಧಾನ 3.4 ಕೋಟಿಗೆ ನಮ್ಮ ಆರ್‌ಸಿಬಿಗೆ ಬಂದರು. "ಹೆಂಗಸರ ಆಟ ಯಾರ್ ನೋಡ್ತಾರೆ" ಅಂತಿದ್ದ ಬಾಯಿಗಳೇ 2024ರಲ್ಲಿ ಆರ್‌ಸಿಬಿ ಹೆಣ್ಣುಮಕ್ಕಳು ಕಪ್ ಗೆದ್ದಾಗ ಪಟಾಕಿ ಹಚ್ಚಿದ್ದು. ಆಟ ಬದಲಾಗಿರಲಿಲ್ಲ. ತೋರಿಸಿದರು, ನೋಡಿದೆವು, ಅಷ್ಟೆ.

"ಕ್ರಿಕೆಟ್ ಬೋರ್ಡಿಗೆ ದುಡ್ಡಿದೆ, ಬ್ಯಾಸ್ಕೆಟ್‌ಬಾಲಿಗೆ ಎಲ್ಲಿಂದ ತರೋದು?" ಅಂತ ಯಾರೋ ಕಮೆಂಟು ಹಾಕೇ ಹಾಕ್ತಾರೆ, ಅದಕ್ಕೇ ಮುಂಚೆಯೇ ಹೇಳ್ತೀನಿ. 2010ರಲ್ಲಿ ನಮ್ಮ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ ಐಎಂಜಿ-ರಿಲಯನ್ಸ್ ಜೊತೆ ಮೂವತ್ತು ವರ್ಷದ ಒಪ್ಪಂದ ಮಾಡಿಕೊಂಡಿತ್ತು. ಅದರಿಂದ ಲೀಗ್ ಹುಟ್ಟಲಿಲ್ಲ. 2015ರಲ್ಲಿ ಯುಬಿಎ ಅಂತ ಒಂದು ಲೀಗ್ ಬಂತು, ಗಂಡಸರಿಗೆ ಮಾತ್ರ, ಅದೂ 2017ಕ್ಕೆ ನಿಂತಿತು. ಆಮೇಲೂ ಟೂರ್ನಿಗಳು ಹುಟ್ಟುತ್ತವೆ, ಹೋಗುತ್ತವೆ. ಅದನ್ನೇ ನಂಬಿ ಒಬ್ಬ ಹುಡುಗಿ ಹತ್ತು ವರ್ಷದ ಲೆಕ್ಕ ಹಾಕಬಹುದಾದಂಥ ಸೀಸನ್ ಮಾತ್ರ ಇಲ್ಲ.

ಮತ್ತೆ ದುಡ್ಡಿನ ವಿಷಯ. ಬೆಂಗಳೂರಿನ ಅದೇ 2017ರ ಏಷ್ಯಾ ಕಪ್ಪಿನ ಎ ಡಿವಿಜನ್ ಫೈನಲ್ಲಿನಲ್ಲಿ ಜಪಾನ್ ಆಸ್ಟ್ರೇಲಿಯಾವನ್ನು 74-73ರಿಂದ ಸೋಲಿಸಿತು. ನಾಲ್ಕು ವರ್ಷದ ನಂತರ ಟೋಕಿಯೊ ಒಲಿಂಪಿಕ್ಸ್ ಫೈನಲ್ಲಿಗೆ ಹೋಗಿ, ಅಮೆರಿಕದ ಎದುರು ಸೋತು, ಬೆಳ್ಳಿ ತಂದಿತು. ಜಪಾನಿನ ಹೆಂಗಸರು ಯಾವ ತಂಡಕ್ಕೆ ಆಡ್ತಾರೆ ಗೊತ್ತೇನು? ಎನಿಯೋಸ್ ಅನ್ನುವ ಎಣ್ಣೆ ಕಂಪನಿ, ಟೊಯೊಟಾ, ಡೆನ್ಸೊ, ಫುಜಿತ್ಸು. ಎಲ್ಲ ಕಂಪನಿ ತಂಡಗಳೇ, ನಮ್ಮ ರೈಲ್ವೆ ಇದ್ದ ಹಾಗೆ! ವ್ಯತ್ಯಾಸ ಇಷ್ಟೇ, ಅವರು ಆ ಕಂಪನಿ ತಂಡಗಳನ್ನೆಲ್ಲ ಸೇರಿಸಿ ಒಂದು ಲೀಗ್ ಕಟ್ಟಿದರು. ಚಳಿಗಾಲ ಪೂರ್ತಿ ಊರಿಂದೂರಿಗೆ ಹೋಗಿ ಆಡುತ್ತಾರೆ. ನಮ್ಮಲ್ಲಿ ರೈಲ್ವೆಯ ವಲಯಗಳಿವೆ, ಕೇರಳದಲ್ಲಿ ವಿದ್ಯುತ್ ಮಂಡಳಿಯ ತಂಡ ಇದೆ, ಬೆಂಗಳೂರಿನಲ್ಲಿ ಹಳೇ ಕ್ಲಬ್ಬುಗಳಿವೆ. ಸಂಬಳ ಆಗಲೇ ಹೋಗುತ್ತಿದೆ. ಬೇಕಾಗಿರುವುದು ವೇಳಾಪಟ್ಟಿ, ಪ್ರಯಾಣದ ಖರ್ಚು, ಒಂದು ಕ್ಯಾಮೆರಾ. ರೈಲ್ವೆಯವರಿಗೆ ಪ್ರಯಾಣದ ಖರ್ಚು ಅಂದರೆ ನಗು ಬರುತ್ತೆ ಬಿಡಿ.

ನಮ್ಮದೇನಾಯ್ತು? ಮೇಲೇರಿದ ತಂಡ 2019ರಲ್ಲಿ ಮತ್ತೆ ಬೆಂಗಳೂರಿನಲ್ಲೇ ಆಡಿ ಕಟ್ಟಕಡೆಯ ಸ್ಥಾನಕ್ಕೆ ಬಂತು. 2021ರಲ್ಲಿ ಜೋರ್ಡಾನಿನಲ್ಲೂ ಅದೇ ಕಥೆ. ಸೋತಾಗ ಆ ಹುಡುಗಿಯರನ್ನು ಬೈದವರು, ಎರಡು ಏಷ್ಯಾ ಕಪ್ಪುಗಳ ನಡುವೆ ಅವರು ಎಷ್ಟು ಗಟ್ಟಿ ಪಂದ್ಯ ಆಡಿದ್ದರು ಅಂತ ಕೇಳಲಿಲ್ಲ.

ಅಮೆರಿಕದಲ್ಲಿ ಎಲ್ಲ ಸುಖವಾಗಿದೆ ಅಂತಲೂ ನಾನು ಹೇಳುತ್ತಿಲ್ಲ. ಡಯಾನಾ ಟೌರಾಸಿಯಂಥ ದೊಡ್ಡ ಆಟಗಾರ್ತಿ 2015ರ ಡಬ್ಲ್ಯೂಎನ್‌ಬಿಎ ಸೀಸನ್ನನ್ನೇ ಬಿಟ್ಟುಕೊಟ್ಟರು, ರಷ್ಯಾದ ಕ್ಲಬ್ಬು ಅದಕ್ಕಿಂತ ಹಲವು ಪಟ್ಟು ಕೊಡುತ್ತಿತ್ತು. ಬ್ರಿಟ್ನಿ ಗ್ರೈನರ್ 2022ರಲ್ಲಿ ಮಾಸ್ಕೊ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದು ತಿಂಗಳುಗಟ್ಟಲೆ ಜೈಲಲ್ಲಿದ್ದರಲ್ಲ, ಅವರು ಅಲ್ಲಿಗೆ ಹೋಗುತ್ತಿದ್ದುದೂ ರಷ್ಯಾ ಕ್ಲಬ್ಬಿಗೆ ಆಡಲಿಕ್ಕೇ. ಅವರೂ ಎರಡು ದುಡಿಮೆ ಮಾಡಿದವರೇ. ಆದರೆ ಅವರ ಎರಡೂ ದುಡಿಮೆ ಬ್ಯಾಸ್ಕೆಟ್‌ಬಾಲೇ ಆಗಿತ್ತು.

ಈಗ ನಮ್ಮ ಸರದಿ. ಕನ್ನಡದಲ್ಲಿ ಬರೆಯುವ ನಾವು ಐಪಿಎಲ್ ಹರಾಜಿನ ಬಗ್ಗೆ ಎಷ್ಟು ಬರೆದಿಲ್ಲ ಹೇಳಿ! ನವನೀತಾ, ಬಾಂಧವ್ಯ, ಲೋಪಾಮುದ್ರಾ ತಿಮ್ಮಯ್ಯ, ಇವರೆಲ್ಲ ಕರ್ನಾಟಕದಿಂದ ಹೋಗಿ ಭಾರತದ ಜೆರ್ಸಿ ಹಾಕಿದವರು. ಬೆಂಗಳೂರಿನ ಸಂಜನಾ ರಮೇಶ್ ಅಮೆರಿಕದ ನಾರ್ದರ್ನ್ ಅರಿಜೋನಾ ಯೂನಿವರ್ಸಿಟಿಗೆ ಆಡಿ ಬಂದವರು. ಇವರಲ್ಲಿ ಒಬ್ಬರ ಬಗ್ಗೆಯಾದರೂ ಕನ್ನಡದಲ್ಲಿ ಒಂದು ಪುಟ, ಅಪ್ಪ ಅಮ್ಮನ ಹೆಸರು ಮತ್ತು ಪದಕದ ಪಟ್ಟಿ ಬಿಟ್ಟು, ಅವರ ಆಟ ಹೇಗಿತ್ತು ಅಂತ ಬರೆದದ್ದು, ನಿಮಗೆ ಸಿಕ್ಕಿದರೆ ಕೊಂಡಿ ಕಳಿಸಿ. ನನಗೆ ಸಿಕ್ಕಿಲ್ಲ. "ನೌಕರಿ ಸಿಕ್ತು" ಅನ್ನುವಲ್ಲಿಗೆ ಅಣ್ಣನ ಸ್ನೇಹಿತರ ಮಾತು ನಿಲ್ಲುತ್ತೆ, "ಪದಕ ಬಂತು" ಅನ್ನುವಲ್ಲಿಗೆ ನಮ್ಮ ಬರಹ ನಿಲ್ಲುತ್ತೆ. ಅವರಿಗಿಂತ ನಾವೇನು ಹೆಚ್ಚಿನವರು?

ಅಣ್ಣನ ಜೊತೆ ಮಾತಾಡಿದೆ. ಸಿಟ್ಟಾದ. "ನಿನ್ನ ಮಗಳಾಗಿದ್ರ ಏನ್ ಮಾಡ್ತಿದ್ದಿ ಹೇಳು" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ. ನಾನೂ ರೈಲ್ವೆ ಅರ್ಜಿ ತುಂಬಿಸುತ್ತಿದ್ದೆನೇನೋ. ಆದರೆ "ಸಿಕ್ರ ಆಟ ಬಂದ್" ಅನ್ನುತ್ತಿರಲಿಲ್ಲ. ಅದನ್ನೇ ಅವನಿಗೂ ಹೇಳಿದೆ. ಸುಮ್ಮನಾದ, ಒಪ್ಪಿದನೋ ಇಲ್ಲವೋ ಗೊತ್ತಿಲ್ಲ. ವೈನಿ ಮಾತ್ರ ಅಡುಗೆಮನೆಯಿಂದ "ಆಡ್ಲಿ ಬಿಡ್ರಿ ಅಕಿ" ಅಂದರು.

ನಿನ್ನೆ ರಾತ್ರಿ ಅವಳೂ ನಾನೂ ಕೂತು ಗೀತು ಅವರ ಹಳೇ ವಿಡಿಯೊ ಹುಡುಕಿದೆವು. ಮಸುಕು ಮಸುಕಾದ ಕೆಲವು ತುಣುಕು ಸಿಕ್ಕವು. ಒಂದು ಕಡೆ ರಿಂಗಿಗೆ ಬೆನ್ನು ಮಾಡಿ ನಿಂತು, ಎಡಕ್ಕೆ ಹೋಗುವ ಹಾಗೆ ಮಾಡಿ ಬಲಕ್ಕೆ ತಿರುಗುತ್ತಾರೆ. ಅದನ್ನು ನಾಲ್ಕು ಸಲ ಹಿಂದೆ ಮುಂದೆ ಮಾಡಿ ನೋಡಿದಳು. ಆಮೇಲೆ 2017ರ ಆ 75-73 ಮ್ಯಾಚು ಪೂರ್ತಿ ಇದೆಯಾ ಅಂತ ಕೇಳಿದಳು. ನಮಗೆ ಸಿಗಲಿಲ್ಲ. ಬೆಂಗಳೂರಿನ ಗೆಳೆಯರೇ, ಅವತ್ತು ಅಲ್ಲಿದ್ದವರು ಯಾರಾದರೂ ಇದ್ದರೆ ಕೊನೇ ಎರಡು ನಿಮಿಷ ಹೇಗಿತ್ತು ಅಂತ ನೆನಪಿದ್ದಷ್ಟು ಬರೆಯಿರಿ. ಅವಳಿಗೆ ಓದಿ ಹೇಳಬೇಕು.